ಸಿಸಿಎಪಿಯ ಡಯಾಟಮ್ ತಳಿಗಳು: ಆಕಾರವನ್ನು ಅರಸಿ ಹೋದವರಿಗೆ ವಂಶಾವಳಿ ಸಿಗುವ ಜಾಗ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಓಬನ್ ಪಟ್ಟಣದ ಹತ್ತಿರ, ಸ್ಕಾಟಿಷ್ ಸಾಗರ ವಿಜ್ಞಾನ ಸಂಘದ ಆವರಣದಲ್ಲಿ ಪಾಚಿ ಮತ್ತು ಪ್ರೋಟೋಜೋವಾಗಳ ಒಂದು ತಳಿಸಂಗ್ರಹವಿದೆ. ಸಿಸಿಎಪಿ ಎಂಬ ಸಂಕ್ಷಿಪ್ತ ಹೆಸರಿನಿಂದ ಅದು ಲೋಕಕ್ಕೆಲ್ಲ ಪರಿಚಿತ. ಸುಮಾರು 3000 ಜೀವಂತ ತಳಿಗಳನ್ನು (ಒಂದು ಮೂಲದಿಂದ ಬೇರ್ಪಡಿಸಿ ಸಾಕಿದ ಕೋಶಗಳ ವಂಶಗಳನ್ನು) ಅಲ್ಲಿ ಕಾಪಾಡುತ್ತಾರೆ, ಬೇಕೆಂದು ಕೇಳಿದ ಪ್ರಯೋಗಾಲಯ, ಕಾಲೇಜು ಮತ್ತು ಉದ್ಯಮಗಳಿಗೆ ಬೆಲೆ ಪಡೆದು ಕಳಿಸಿಕೊಡುತ್ತಾರೆ. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಏಕಕೋಶದ ಸೂಕ್ಷ್ಮ ಪಾಚಿಗಳಾದ ಸಮುದ್ರದ ಡಯಾಟಮ್‌ಗಳ ಆಕಾರವ್ಯತ್ಯಾಸದ ಮೇಲೆ ಕೆಲಸ ಮಾಡುತ್ತಿರುವ ನಾನು ಈ ಸೇವೆಯ ಬಳಕೆದಾರ. ಸೂಕ್ಷ್ಮ ಪಾಚಿಗಳ ಸಂಶೋಧನೆಗೆ ಇಳಿಯುವ ಕನ್ನಡದ ವಿದ್ಯಾರ್ಥಿಗಳು ಈಗ ಹೆಚ್ಚುತ್ತಿದ್ದಾರೆ; ಯಾವ ತಳಿಯನ್ನು ತರಿಸಬೇಕು, ತರಿಸಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗೆ ನಮ್ಮ ಭಾಷೆಯಲ್ಲಿ ಉತ್ತರ ಸಿಗಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ತರಿಸಿಕೊಂಡದ್ದು ಫಿಯೊಡ್ಯಾಕ್ಟಿಲಮ್ ಟ್ರೈಕಾರ್ನ್ಯೂಟಮ್ ಎಂಬ ಒಂದೇ ಜಾತಿಯ ತಳಿಗಳನ್ನು. 1897ರಲ್ಲಿ ಬೋಲಿನ್ ಹೆಸರಿಟ್ಟ ಈ ಡಯಾಟಮ್ ತನ್ನ ಬಳಗದಲ್ಲಿಯೇ ಒಂದು ಅಪವಾದ. ಉಳಿದ ಡಯಾಟಮ್‌ಗಳು ಸಿಲಿಕಾದ ಗಡುಸಾದ ಕವಚವನ್ನು ಕಟ್ಟಿಕೊಂಡು, ಆ ಕವಚದ ಆಕಾರಕ್ಕೇ ಬದ್ಧವಾಗಿ ಬದುಕುತ್ತವೆ. ಇದಕ್ಕೆ ಸಿಲಿಕಾ ಇಲ್ಲದಿದ್ದರೂ ನಡೆಯುತ್ತದೆ, ಒಂದೇ ಜಾತಿಯ ಕೋಶಗಳು ಮೂರು ಬೇರೆ ಬೇರೆ ಆಕಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಎರಡೂ ತುದಿ ಚೂಪಾದ ಕದಿರಿನಾಕಾರ, ಮೂರು ಕಡೆಗೆ ತೋಳು ಚಾಚಿದ ಮುಕ್ಕವಲು, ಮತ್ತು ಗಿಡ್ಡನೆಯ ಅಂಡಾಕಾರ. ಕದಿರಿನಾಕಾರದ ಕೋಶ 20 ಮೈಕ್ರೋಮೀಟರಿಗೂ ಉದ್ದ ಬೆಳೆದರೆ ಅಂಡಾಕಾರದ್ದು ಸುಮಾರು 8 ಮೈಕ್ರೋಮೀಟರಿಗೆ ನಿಲ್ಲುತ್ತದೆ. ಸಿಲಿಕಾದ ಕವಚದೆಸಳು ಕಾಣುವುದು ಅಂಡಾಕಾರದಲ್ಲಿ ಮಾತ್ರ, ಅದೂ ಒಂದು ಬದಿಗೆ. ಆ ಎಸಳಿನಲ್ಲಿರುವ ಸೀಳಿನ ಮೂಲಕ ಅಂಟನ್ನು ಸ್ರವಿಸಿ ಕೋಶವು ತಳಕ್ಕೆ ಹತ್ತಿಕೊಳ್ಳುತ್ತದೆ ಮತ್ತು ಜಾರುತ್ತಾ ಚಲಿಸುತ್ತದೆ. ಹೀಗಾಗಿ ಆಕಾರ ಎಂಬುದು ಇಲ್ಲಿ ನೋಟದ ಮಾತಲ್ಲ, ಬದುಕುವ ಕ್ರಮದ ಮಾತು: ತೇಲಬೇಕೋ, ನೆಲ ಹಿಡಿಯಬೇಕೋ ಎಂಬುದು.

ಸಂಸ್ಥೆಯ ಪೂರ್ವೇತಿಹಾಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1920ರ ದಶಕದಲ್ಲಿ ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಅರ್ನ್ಸ್ಟ್ ಪ್ರಿಂಗ್ಸ್‌ಹೈಮ್ ಅವರು ಆರಂಭಿಸಿದ ಸಂಗ್ರಹವೇ ಇದರ ಬೇರು. 1938ರಲ್ಲಿ ನಾಜಿಗಳ ಭಯಕ್ಕೆ ದೇಶ ಬಿಟ್ಟು ಇಂಗ್ಲೆಂಡಿಗೆ ಬಂದಾಗ ಅವರು ತಮ್ಮ ತಳಿಗಳನ್ನೂ ಜತೆಗೆ ತಂದರು. ಅವು ಕೇಂಬ್ರಿಜ್‌ನಲ್ಲಿ ನೆಲೆ ಕಂಡು, ಮುಂದೆ ಕವಲೊಡೆದು, ಕೊನೆಗೆ ಓಬನ್‌ನಲ್ಲಿ ಒಂದೇ ಸೂರಿನಡಿ ಸೇರಿದವು. ಜೀವಂತ ತಳಿಯೊಂದನ್ನು ಯುದ್ಧ, ವಲಸೆ, ಅನುದಾನದ ಬರ ಇವೆಲ್ಲವನ್ನೂ ದಾಟಿಸಿ ಉಳಿಸುವುದು ಎಷ್ಟು ದೊಡ್ಡ ಕೆಲಸ ಎಂಬುದು, ಒಂದೇ ಒಂದು ಬಾಟಲಿಯನ್ನು ವರ್ಷಗಟ್ಟಲೆ ಸಾಕಿ ನೋಡಿದವರಿಗೆ ಗೊತ್ತಾಗುತ್ತದೆ.

ಇನ್ನು ತಳಿಪಟ್ಟಿಯ ವಿಷಯ. ನನ್ನ ದೃಷ್ಟಿಯಲ್ಲಿ ಈ ಸೇವೆಯ ನಿಜವಾದ ಬೆಲೆ ಇರುವುದು ಅಲ್ಲಿಯೇ. ಪ್ರತಿ ತಳಿಗೂ ಒಂದು ಸಂಖ್ಯೆ, ಅದನ್ನು ಎಲ್ಲಿಂದ ತೆಗೆದರು, ಯಾರು ಬೇರ್ಪಡಿಸಿದರು, ಯಾವ ವರ್ಷ, ಯಾವ ಪೋಷಕ ದ್ರವದಲ್ಲಿ ಬೆಳೆಸಬೇಕು, ಬೇರೆ ಸಂಗ್ರಹಗಳಲ್ಲಿ ಅದೇ ತಳಿಗೆ ಏನು ಸಂಖ್ಯೆ ಎಂಬ ವಿವರಗಳು ಸಿಗುತ್ತವೆ. ಕೊನೆಯ ವಿವರವನ್ನು ಬಹಳ ಜನ ನೋಡದೆ ಬಿಡುತ್ತಾರೆ. ಒಂದೇ ಜೀವ ಮೂರು ದೇಶಗಳಲ್ಲಿ ಮೂರು ಸಂಖ್ಯೆಗಳಿಂದ ಮಾರಾಟವಾಗುವ ಈ ಲೋಕದಲ್ಲಿ ಅದನ್ನು ನೋಡದೆ ತರಿಸಿದರೆ, ಎರಡು ಭಿನ್ನ ತಳಿಗಳನ್ನು ಹೋಲಿಸುತ್ತಿದ್ದೇನೆ ಎಂದುಕೊಂಡವರು ಒಂದೇ ತಳಿಯನ್ನು ಅದರೊಡನೆಯೇ ಹೋಲಿಸುತ್ತಾ ಕೂರುವ ಸಂಭವವಿದೆ.

ಫಿಯೊಡ್ಯಾಕ್ಟಿಲಮ್ ತಳಿಗಳು ಈ ಪಟ್ಟಿಯಲ್ಲಿ ಎರಡು ಕಡೆ ಹಂಚಿಹೋಗಿವೆ. ಸಿಸಿಎಪಿ ಒಂದೊಂದು ಕುಲಕ್ಕೂ ಒಂದೊಂದು ಸಂಖ್ಯೆಯನ್ನು ಮೀಸಲಿಟ್ಟಿದೆ, 1055 ಫಿಯೊಡ್ಯಾಕ್ಟಿಲಮ್‌ನದು. ಆದರೆ ಇದೇ ಜಾತಿಯ ಅತ್ಯಂತ ಹಳೆಯ ತಳಿ ಇರುವುದು 1052ರ ಸಾಲಿನಲ್ಲಿ, ನಿಟ್‌ಸ್ಕಿಯ ಎಂಬ ಬೇರೊಂದು ಡಯಾಟಮ್ ಕುಲದ ಜತೆಗೆ. ಇದರ ಹಿಂದೆ ಅರ್ಧ ಶತಮಾನದ ಒಂದು ಕಥೆಯಿದೆ. 1910ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಸಾಗರ ಪ್ರಯೋಗಾಲಯದಲ್ಲಿ ಅಲೆನ್ ಮತ್ತು ನೆಲ್ಸನ್ ಎಂಬ ಇಬ್ಬರು ಸಮುದ್ರದ ಲಾರ್ವಾಗಳಿಗೆ ಆಹಾರವಾಗಿ ಡಯಾಟಮ್‌ಗಳನ್ನು ಬೆಳೆಸುವ ವಿಧಾನವನ್ನು ರೂಪಿಸಿದರು. ಅವರ ಬಾಟಲಿಗಳಲ್ಲಿ ಚೆನ್ನಾಗಿ ಬೆಳೆದ, ಕದಿರಿನಾಕಾರದ ಒಂದು ಸಣ್ಣ ಜೀವಿಯನ್ನು ನಿಟ್‌ಸ್ಕಿಯ ಕ್ಲಾಸ್ಟೀರಿಯಮ್‌ನ ಅತಿ ಚಿಕ್ಕ ರೂಪವೆಂದು ಗುರುತಿಸಿದರು. ಸಾಕಲು ಸುಲಭವಾಗಿದ್ದ ಆ ತಳಿ ಅನೇಕ ಪ್ರಯೋಗಾಲಯಗಳಿಗೆ ಹಬ್ಬಿತು, ನಿಟ್‌ಸ್ಕಿಯ ಎಂಬ ಹೆಸರಿನಲ್ಲೇ ಅದರ ಮೇಲೆ ಸಂಶೋಧನೆಗಳು ನಡೆದವು. 1946ರಲ್ಲಿ ಪ್ಲಿಮತ್‌ನ ವಿಲ್ಸನ್ ಅವರು ಅದೇ ವಂಶದ ಕಲ್ಚರ್‌ಗಳಲ್ಲಿ (ಪೋಷಕ ದ್ರವದಲ್ಲಿ ಸಾಕಿದ ಕೋಶಗಳ ಬೆಳೆಯಲ್ಲಿ) ಮುಕ್ಕವಲಿನ ಕೋಶಗಳನ್ನೂ ಬೇರೆ ರೂಪಗಳನ್ನೂ ಕಂಡು ವಿವರಿಸಿದರು. 1958ರಲ್ಲಿ ಜಾಯ್ಸ್ ಲೆವಿನ್ ಅವರು ಅದು ನಿಟ್‌ಸ್ಕಿಯ ಅಲ್ಲವೆಂದೂ ಫಿಯೊಡ್ಯಾಕ್ಟಿಲಮ್ ಎಂದೂ ವರ್ಗೀಕರಣವನ್ನು ಸ್ಪಷ್ಟಪಡಿಸಿದರು. ತಜ್ಞರ ಕಣ್ಣನ್ನೂ ಅಷ್ಟು ವರ್ಷ ದಾರಿ ತಪ್ಪಿಸಿದ್ದು ಆಕಾರವೇ. ಸಿಸಿಎಪಿಯವರು ಜಾತಿಯ ಹೆಸರನ್ನು ಸರಿಪಡಿಸಿದರೂ ತಳಿಯ ಸಂಖ್ಯೆಯನ್ನು ಬದಲಿಸದೆ ಬಿಟ್ಟಿದ್ದಾರೆ. ಇದು ಸರಿಯಾದ ನಿರ್ಧಾರ ಎಂದು ನಾನು ದೃಢವಾಗಿ ನಂಬುತ್ತೇನೆ. ಹೆಸರು ಎಷ್ಟು ಸಲ ಬದಲಾದರೂ ಸಂಖ್ಯೆ ನಿಂತಿದ್ದರೆ ಹಳೆಯ ಪ್ರಬಂಧದ ಜೀವಿಯನ್ನು ಇಂದಿನ ಬಾಟಲಿಯ ಜೀವಿಯೊಡನೆ ಕೂಡಿಸಿ ಓದಬಹುದು.

ಆ ಪ್ಲಿಮತ್ ತಳಿಯ ಇಂದಿನ ಸಂಖ್ಯೆ 1052/1ಎ. ಅದರಿಂದ ಪ್ರಯೋಗಾಲಯದಲ್ಲಿಯೇ ಹುಟ್ಟಿದ ಮತ್ತೊಂದು ತಳಿ 1052/1ಬಿ. ಸಂಶೋಧಕರು ಇವೆರಡನ್ನು ಕ್ರಮವಾಗಿ ಪಿಟಿ2 ಮತ್ತು ಪಿಟಿ3 ಎಂದು ಕರೆಯುತ್ತಾರೆ. ಸೂಕ್ಷ್ಮದರ್ಶಕದಡಿ ಪಕ್ಕಪಕ್ಕ ಇಟ್ಟು ನೋಡಿದರೆ ಇವು ತಾಯಿ ಮಗಳೆಂದು ಯಾರೂ ಹೇಳಲಾರರು: ಪಿಟಿ2 ಬಹುಪಾಲು ಕದಿರಿನಾಕಾರ, ಪಿಟಿ3 ಬಹುಪಾಲು ಅಂಡಾಕಾರ. ಡಯಾಟಮ್‌ಗಳಲ್ಲಿ ಆನುವಂಶಿಕ ವೈವಿಧ್ಯಕ್ಕೂ ಆಕಾರದ ವೈವಿಧ್ಯಕ್ಕೂ ಇರುವ ಸಂಬಂಧ ಎಷ್ಟು ಸಡಿಲವಾದದ್ದು ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ತಿಳಿದಿಲ್ಲ.

ಈ ಸಡಿಲ ಸಂಬಂಧವನ್ನು ಕ್ರಮವಾಗಿ ಪರಿಶೀಲಿಸಿದ ಕೆಲಸ 2007ರಲ್ಲಿ ಪ್ರಕಟವಾಯಿತು. ಡಿ ಮಾರ್ಟಿನೋ ಮತ್ತು ಸಂಗಡಿಗರು ಬೇರೆ ಬೇರೆ ಸಂಗ್ರಹಗಳಿಂದ ಹತ್ತು ತಳಿಗಳನ್ನು ತರಿಸಿ, ಪಿಟಿ1ರಿಂದ ಪಿಟಿ10ರವರೆಗೆ ಹೆಸರಿಟ್ಟು, ರೈಬೋಸೋಮ್ ಜೀನ್‌ಗಳ ನಡುವಿನ ಡಿಎನ್‌ಎ ತುಣುಕೊಂದನ್ನು ಹೋಲಿಸಿದರು. ಅವು ನಾಲ್ಕು ಗುಂಪುಗಳಾಗಿ ನಿಂತವು. 2020ರಲ್ಲಿ ಹತ್ತೂ ತಳಿಗಳ ಇಡೀ ಜೀನೋಮ್‌ಗಳನ್ನು, ಎಂದರೆ ಪೂರ್ತಿ ಡಿಎನ್‌ಎಯನ್ನು, ಓದಿದಾಗಲೂ ಅದೇ ನಾಲ್ಕು ಗುಂಪುಗಳು ಉಳಿದವು. ಗುಂಪುಗಳೊಳಗೆ ಯಾರು ಯಾರು ಕೂಡಿದ್ದಾರೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲ ಗುಂಪಿನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಕಡಲಿನ ಪಿಟಿ1, ಪ್ಲಿಮತ್‌ನ ಪಿಟಿ2, ಅದರ ಸಂತತಿ ಪಿಟಿ3, ಇವುಗಳ ಜತೆಗೆ ಪೆಸಿಫಿಕ್ ಸಾಗರದ ಉಷ್ಣವಲಯದ ಗುವಾಮ್ ದ್ವೀಪದ ಪಿಟಿ9 ಸೇರಿದೆ. ಅಮೆರಿಕದ ಈಶಾನ್ಯ ಕರಾವಳಿಯಿಂದಲೇ ಬಂದ ಪಿಟಿ5 ಮತ್ತು ಪಿಟಿ6 ಬೇರೆ ಬೇರೆ ಗುಂಪಿಗೆ ಹೋದವು. ಪಿಟಿ5ಕ್ಕೆ ಜತೆಯಾದದ್ದು ಚೀನಾದ ಹಳದಿ ಸಮುದ್ರದ ಪಿಟಿ10. ಕೆನಡಾದ ವ್ಯಾಂಕೂವರ್‌ನ ಪಿಟಿ8 ಮುಕ್ಕವಲು ಕೋಶಗಳಿಗೆ ಹೆಸರಾದ ತಳಿ, ಆದರೆ ಅದು ಕೂಡಿಕೊಂಡದ್ದು ಕದಿರಿನಾಕಾರದ ಪಿಟಿ6 ಮತ್ತು ಪಿಟಿ7ರ ಜತೆಗೆ. ಊರನ್ನು ನೋಡಿ ವಂಶ ಹೇಳಲಾಗದು, ಆಕಾರವನ್ನು ನೋಡಿಯೂ ಹೇಳಲಾಗದು.

ಬಾಲ್ಟಿಕ್ ಸಮುದ್ರದ ಫಿನ್ಲೆಂಡ್ ತೀರದಿಂದ 1951ರಲ್ಲಿ ಬೇರ್ಪಡಿಸಿದ ಪಿಟಿ4 ಮಾತ್ರ ತನ್ನ ಗುಂಪಿನಲ್ಲಿ ಒಂಟಿ. ಸಿಸಿಎಪಿ ಪಟ್ಟಿಯಲ್ಲಿ ಅದರ ಸಂಖ್ಯೆ 1052/6. ಹೊರನೋಟಕ್ಕೆ ಅದರಲ್ಲಿ ವಿಶೇಷವೇನೂ ಕಾಣದು, ಕದಿರಿನಾಕಾರದ ಸಾಧಾರಣ ಕೋಶಗಳು. ಆದರೆ ಹೆಚ್ಚಾದ ಬೆಳಕನ್ನು ಶಾಖವಾಗಿ ಹೊರಹಾಕಿ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಅದರಲ್ಲಿ ಉಳಿದ ತಳಿಗಳಿಗಿಂತ ಕಡಿಮೆ, ಮತ್ತು ಆ ಕೊರತೆಗೆ ಎಲ್‌ಎಚ್‌ಸಿಎಕ್ಸ್1 ಎಂಬ ಪ್ರೋಟೀನಿನ ಪ್ರಮಾಣ ಕಡಿಮೆ ಇರುವುದು ಕಾರಣ ಎಂದು 2010ರ ಒಂದು ಅಧ್ಯಯನ ತೋರಿಸಿತು. ಉತ್ತರದ ಮಂದ ಬೆಳಕಿನಲ್ಲಿ ಬದುಕಿದ ಜೀವಕ್ಕೆ ಅಷ್ಟು ರಕ್ಷಣೆ ಬೇಡವಾಗಿದ್ದಿರಬಹುದು. ಆಕಾರದಲ್ಲಿ ಕಾಣದ ವ್ಯತ್ಯಾಸ ಶರೀರಕ್ರಿಯೆಯಲ್ಲಿ ಅಡಗಿರುವುದಕ್ಕೆ ಇದೊಂದು ನಿದರ್ಶನ. ಬೆಳಕಿನ ಪ್ರಯೋಗ ಮಾಡುವವರು ಪಿಟಿ1ನ್ನು ಒಂದೇ ತರಿಸಿ ಸುಮ್ಮನಾಗದೆ ಇದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಸಲಹೆ ಕೊಡುತ್ತೇನೆ.

ಪಿಟಿ1ರ ವಿಷಯಕ್ಕೆ ಬಂದರೆ, ಸಿಸಿಎಪಿ 1055/1 ಎಂಬ ಸಂಖ್ಯೆ ಡಯಾಟಮ್ ಲೋಕದಲ್ಲಿ ಎಲ್ಲರಿಗೂ ಬಾಯಿಪಾಠ. ಒಂದೇ ಕೋಶದಿಂದ ಬೆಳೆಸಿದ ಈ ಕಲ್ಚರಿನ ಜೀನೋಮ್ 2008ರಲ್ಲಿ ಪ್ರಕಟವಾಯಿತು: ಡಿಎನ್‌ಎಯ ಸುಮಾರು 2.7 ಕೋಟಿ ಅಕ್ಷರಗಳು, 10,000ಕ್ಕೂ ಹೆಚ್ಚು ಜೀನ್‌ಗಳು. ಅಂದಿನಿಂದ ಜೀನ್ ಸೇರಿಸುವ, ಜೀನ್ ಕತ್ತರಿಸುವ ಕೆಲಸಗಳಿಗೆ ಇದೇ ತಳಿ ಆಧಾರವಾಗಿದೆ. ಸಂಸ್ಥೆಗೆ ಇದೊಂದು ಹೆಮ್ಮೆ, ನಿಜ. ಆದರೆ ಒಂದು ತಳಿಯನ್ನು ಓದಿ ಇಡೀ ಜಾತಿಯನ್ನು ಓದಿದಂತೆ ಮಾತಾಡುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿ ಬೆಳೆದಿರುವುದಕ್ಕೆ ಈ ತಳಿಯ ಜನಪ್ರಿಯತೆಯೂ ಒಂದು ಕಾರಣ. ಮುಕ್ಕವಲಿನ ಕೋಶವನ್ನು ಅರ್ಥಮಾಡಿಕೊಳ್ಳಬೇಕಾದವರಿಗೆ ಬಹುತೇಕ ಕದಿರಿನಾಕಾರದ ಈ ಕಲ್ಚರ್ ಅಷ್ಟಾಗಿ ನೆರವಾಗದು.

ಆರ್ಡರ್ ಮಾಡುವ ಕ್ರಮ ಸರಳ. ತಳಿಯ ಸಂಖ್ಯೆ, ಬೇಕಾದ ದಿನಾಂಕ, ಬಳಕೆಯ ಉದ್ದೇಶ ತಿಳಿಸಬೇಕು. ಮುಂದೆ ಬೇರೆಯವರಿಗೆ ಹಂಚಬಾರದು ಎಂಬ ಬಗೆಯ ಷರತ್ತುಗಳಿಗೆ ಒಪ್ಪಬೇಕು. ಬೆಳೆಯುತ್ತಿರುವ ಕಲ್ಚರನ್ನೇ ಸಣ್ಣ ಕೊಳವೆಯಲ್ಲಿ ಕಳಿಸುತ್ತಾರೆ, ಹಾಗಾಗಿ ವಾರಾಂತ್ಯಕ್ಕೆ ಸಿಕ್ಕಿಹಾಕಿಕೊಳ್ಳದಂತೆ ದಿನ ಗೊತ್ತುಮಾಡಿಕೊಳ್ಳುವುದು ಮುಖ್ಯ. ನನಗೆ ಬಂದ ಕೊಳವೆಗಳು ಸುಸ್ಥಿತಿಯಲ್ಲಿದ್ದವು, ಜತೆಗೆ ಯಾವ ಪೋಷಕ ದ್ರವ, ಎಷ್ಟು ತಾಪಮಾನ ಎಂಬ ಸೂಚನೆಯಿತ್ತು. ಎಫ್/2 ಎಂಬ ದ್ರವದಲ್ಲಿ ಇವು ಚೆನ್ನಾಗಿ ಬೆಳೆಯುತ್ತವೆ; 1962ರಲ್ಲಿ ಗಿಲಾರ್ಡ್ ಮತ್ತು ರೈಥರ್ ರೂಪಿಸಿದ ದ್ರವದಿಂದ ಬಂದ ಈ ಸೂತ್ರ ಇಂದಿಗೂ ಸಮುದ್ರದ ಸೂಕ್ಷ್ಮ ಪಾಚಿಗಳನ್ನು ಸಾಕುವವರ ಮುಖ್ಯ ಆಸರೆ. ದ್ರವದ ಸಾಂದ್ರ ರೂಪಗಳನ್ನು ಸಂಸ್ಥೆಯೇ ಮಾರುತ್ತದೆ, ಹೊಸಬರಿಗೆ ತರಬೇತಿಯನ್ನೂ ನಡೆಸುತ್ತದೆ. ಕೇಳಿದ ಪ್ರಶ್ನೆಗೆ ತಳಿಯನ್ನು ಸ್ವತಃ ಸಾಕುವವರೇ ಉತ್ತರಿಸಿದರು ಎಂಬುದು ನನಗೆ ಬಹಳ ಹಿಡಿಸಿತು.

ಕೊಳವೆ ಬಂದ ತಕ್ಷಣ ಮಾಡಬೇಕಾದ ಕೆಲಸವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಅದನ್ನು ಮಾಡಲು ಬರುವುದಿಲ್ಲ. ಹೊಸ ದ್ರವಕ್ಕೆ ಹಾಕುವ ಮೊದಲೇ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಮೂರು ಆಕಾರಗಳಲ್ಲಿ ಯಾವುದು ಎಷ್ಟು ಪಾಲು ಇದೆ ಎಂದು ಎಣಿಸಿ, ಚಿತ್ರ ತೆಗೆದು, ದಿನಾಂಕದೊಡನೆ ಬರೆದಿಡಬೇಕು. ಆಕಾರದ ಪ್ರಮಾಣ ಬೆಳೆಸುವ ಪರಿಸ್ಥಿತಿಯ ಜತೆ ಬದಲಾಗುತ್ತದೆ. ದ್ರವದಲ್ಲಿ ಕದಿರಿನಾಕಾರದಲ್ಲಿದ್ದ ತಳಿಯನ್ನು ಅಗರ್ ಎಂಬ ಗಟ್ಟಿ ಲೋಳೆಯ ತಟ್ಟೆಯ ಮೇಲೆ ಹರಡಿದರೆ ಅಂಡಾಕಾರದ ಕೋಶಗಳು ಹೆಚ್ಚುತ್ತವೆ. ಗುವಾಮ್‌ನ ಪಿಟಿ9 ತನಗೆ ಒಗ್ಗುವ ಬೆಚ್ಚನೆಯ ನೀರಿನಲ್ಲಿ ಕದಿರಿನಾಕಾರ, ಯುರೋಪಿನ ಪ್ರಯೋಗಾಲಯಗಳ ತಂಪಿನಲ್ಲಿ ಅಂಡಾಕಾರ. ಯಾವುದೋ ಪ್ರಬಂಧದಲ್ಲಿ "ಅಂಡಾಕಾರದ ತಳಿ" ಎಂದು ಓದಿ ಅದನ್ನು ತರಿಸಿದವರ ತಟ್ಟೆಯಲ್ಲಿ ಬೇರೆಯೇ ಆಕಾರ ಕಂಡರೆ ಕಳಿಸಿದವರು ಮೋಸ ಮಾಡಿದರೆಂದು ಭಾವಿಸಬಾರದು. ಆಕಾರವು ತಳಿ ಮತ್ತು ಪರಿಸರ ಎರಡೂ ಸೇರಿ ಕೊಡುವ ಉತ್ತರ.

ಬಾಟಲಿಯಿಂದ ಬಾಟಲಿಗೆ ದಾಟಿಸುತ್ತಾ ಹೋಗುವ ಸಾಕಣೆಯ ಕ್ರಮವೂ ತಳಿಯನ್ನು ಬದಲಿಸುತ್ತದೆ. ನಿನ್ನೆಯ ಮೊಸರಿನ ಒಂದು ಚಮಚವನ್ನು ಇಂದಿನ ಹಾಲಿಗೆ ಹೆಪ್ಪು ಹಾಕಿದಂತೆ, ಹಳೆಯ ಕಲ್ಚರಿನ ಕೆಲವು ತೊಟ್ಟುಗಳೇ ಹೊಸ ಬಾಟಲಿಯ ಇಡೀ ಸಂತತಿಗೆ ಮೂಲ. ಪ್ಲಿಮತ್ ತಳಿ ಹೀಗೆ ಶತಮಾನವನ್ನೇ ದಾಟಿದೆ. ಪ್ರತಿ ಸಲವೂ ಯಾವ ಕೋಶಗಳು ದಾಟಿದವು ಎಂಬುದರಲ್ಲಿ ಆಕಸ್ಮಿಕತೆಯಿದೆ, ಬಾಟಲಿಯ ಬದುಕಿಗೆ ಒಗ್ಗಿದವುಗಳ ಆಯ್ಕೆಯಿದೆ, ಹೊಸ ರೂಪಾಂತರಗಳ ಸೇರ್ಪಡೆಯಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಫಿಯೊಡ್ಯಾಕ್ಟಿಲಮ್‌ನಲ್ಲಿ ಲೈಂಗಿಕ ಕ್ರಿಯೆಯಿಲ್ಲದೆ, ಸಾಮಾನ್ಯ ಕೋಶವಿಭಜನೆಯ ಕಾಲದಲ್ಲಿಯೇ, ಜೋಡಿ ವರ್ಣತಂತುಗಳು ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ ಎಂದು ತೋರಿಸಿತು. ಅಂದರೆ ಒಂದೇ ಕೋಶದಿಂದ ಆರಂಭಿಸಿದ ಕಲ್ಚರ್ ಕೂಡ ಕಾಲಕ್ರಮದಲ್ಲಿ ಒಳಗೊಳಗೇ ವೈವಿಧ್ಯವನ್ನು ಹುಟ್ಟಿಸಿಕೊಳ್ಳುತ್ತದೆ. ಇದಕ್ಕೆ ಇರುವ ಒಳ್ಳೆಯ ತಡೆ ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಇಡುವುದು. ಸಿಸಿಎಪಿ ತನ್ನ ತಳಿಗಳಲ್ಲಿ ಒಂದು ಭಾಗವನ್ನು ಹಾಗೆ ಇಟ್ಟಿದೆ. ಆದರೆ ಎಲ್ಲ ಡಯಾಟಮ್‌ಗಳೂ ಆ ಶೀತವನ್ನು ತಾಳುವುದಿಲ್ಲ. ಆರ್ಡರ್ ಮಾಡುವಾಗ ತಳಿ ಹೆಪ್ಪುಗಟ್ಟಿಸಿದ ದಾಸ್ತಾನಿನಿಂದ ಬರುತ್ತದೆಯೋ, ನಿರಂತರ ಸಾಕಣೆಯಿಂದ ಬರುತ್ತದೆಯೋ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಇದನ್ನು ದಾಖಲಿಸುವ ಪ್ರಬಂಧಗಳು ವಿರಳ.

ಫಿಯೊಡ್ಯಾಕ್ಟಿಲಮ್ ಬಿಟ್ಟು ಗಡುಸು ಕವಚದ ಡಯಾಟಮ್‌ಗಳನ್ನು ತರಿಸುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಕವಚವು ಡಬ್ಬಿ ಮತ್ತು ಮುಚ್ಚಳದಂತೆ ಎರಡು ಭಾಗವಾಗಿರುವುದರಿಂದ, ವಿಭಜನೆಯಾದಾಗಲೆಲ್ಲ ಒಂದು ಮಗಳುಕೋಶ ಸ್ವಲ್ಪ ಚಿಕ್ಕದಾಗುತ್ತಾ ಹೋಗುತ್ತದೆ. 1869ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಸರ್ ಬೇರೆ ಬೇರೆಯಾಗಿ ಗುರುತಿಸಿದ ನಿಯಮವಿದು. ದೊಡ್ಡ ಗಾತ್ರ ಮರಳಿ ಬರುವುದು ಸಾಮಾನ್ಯವಾಗಿ ಲೈಂಗಿಕ ಸಂತಾನೋತ್ಪತ್ತಿಯಿಂದ. ಸೂಡೋ-ನಿಟ್‌ಸ್ಕಿಯದಂಥ ಕುಲಗಳಲ್ಲಿ ಅದಕ್ಕೆ ಎದುರು ಲಿಂಗದ ಇನ್ನೊಂದು ತಳಿ ಬೇಕು. ಒಂಟಿಯಾಗಿ ಬಾಟಲಿಯಲ್ಲಿ ಉಳಿದ ತಳಿ ಕುಗ್ಗುತ್ತಾ, ಕವಚ ವಿರೂಪಗೊಳ್ಳುತ್ತಾ, ಕೊನೆಗೆ ಸತ್ತುಹೋಗಬಹುದು. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಮಾಂಸ ತಿಂದವರ ಸಾವಿಗೆ ಕಾರಣವಾದ ಡೊಮೊಯಿಕ್ ಆಮ್ಲವನ್ನು ತಯಾರಿಸಿದ್ದು ಇದೇ ಕುಲದ ಒಂದು ಜಾತಿ. ಹಳೆಯ ಕಲ್ಚರ್‌ಗಳಲ್ಲಿ ಆ ವಿಷದ ಉತ್ಪಾದನೆಯೂ ಇಳಿಯುವುದುಂಟು. ಆದ್ದರಿಂದ ಅಂಥ ತಳಿಗಳ ವಿಷಯದಲ್ಲಿ ಬೇರ್ಪಡಿಸಿದ ವರ್ಷವನ್ನು ನೋಡದೆ ಹಣ ಕಟ್ಟಬಾರದು. ಆಕಾರ ಒಂದೇ ಆಗಿದ್ದು ಒಳಗೆ ಬೇರೆಯಾಗಿರುವ ಪ್ರಸಂಗಗಳೂ ಬೇಕಾದಷ್ಟಿವೆ. ಎಲ್ಲ ಕರಾವಳಿಗಳಲ್ಲೂ ಸ್ಕೆಲಿಟೋನಿಮ ಕಾಸ್ಟೇಟಮ್ ಎಂದು ಕರೆಯುತ್ತಿದ್ದ ಸರಪಣಿ ಡಯಾಟಮ್‌ನೊಳಗಿಂದ 2005ರಲ್ಲಿ ಸಾರ್ನೋ ಮತ್ತು ಸಂಗಡಿಗರು ನಾಲ್ಕು ಹೊಸ ಜಾತಿಗಳನ್ನು ಹೆಕ್ಕಿ ಹೆಸರಿಸಿದರು. ಅಮೆರಿಕದ ಪ್ಯೂಜೆಟ್ ಸೌಂಡ್‌ನ ಡಿಟೈಲಮ್ ಬ್ರೈಟ್‌ವೆಲ್ಲಿ ಎಂಬ ಡಯಾಟಮ್‌ನಲ್ಲಿ ಹೊರಗೆ ಒಂದೇ ತೆರನಾಗಿ ಕಾಣುವ ಎರಡು ಸಮುದಾಯಗಳ ಜೀನೋಮ್ ಗಾತ್ರದಲ್ಲಿ ಎರಡು ಪಟ್ಟು ವ್ಯತ್ಯಾಸವಿದೆ ಎಂದು 2010ರಲ್ಲಿ ಗೊತ್ತಾಯಿತು. ತಳಿಯ ಪುಟದಲ್ಲಿ ಡಿಎನ್‌ಎ ಅನುಕ್ರಮದ ಕೊಂಡಿ ಇದೆಯೇ ಎಂದು ನೋಡಬೇಕಾದದ್ದು ಇದಕ್ಕಾಗಿ.

ಕೊರತೆಗಳನ್ನು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ನನಗೆ ಕಾಣುವ ಮುಖ್ಯ ಕೊರತೆ ಯಾವುದೋ ಒಂದು ಸಂಸ್ಥೆಯದಲ್ಲ, ಎಲ್ಲ ತಳಿಸಂಗ್ರಹಗಳದು: ಆಕಾರದ ದಾಖಲೆಯನ್ನು ವರ್ಷವರ್ಷ ಕ್ರಮವಾಗಿ ಪ್ರಕಟಿಸುವ ಪದ್ಧತಿ ನಾನು ನೋಡಿದ ಪಟ್ಟಿಗಳಲ್ಲಿಲ್ಲ. ತಳಿಯ ಪುಟದಲ್ಲಿ ಒಂದು ಚಿತ್ರವಿದ್ದರೆ ಅದು ಆ ಕ್ಷಣದ ಒಂದು ಕೋಶದ ಚಿತ್ರ. ಯಾವ ತಾಪಮಾನದಲ್ಲಿ, ಎಷ್ಟು ದಿನದ ಕಲ್ಚರಿನಲ್ಲಿ, ನೂರು ಕೋಶಗಳಿಗೆ ಎಷ್ಟು ಯಾವ ಆಕಾರದವು ಎಂಬ ಸರಳ ಕೋಷ್ಟಕವೊಂದು ವರ್ಷಕ್ಕೊಮ್ಮೆ ಸೇರುತ್ತಿದ್ದರೆ, ಹತ್ತು ವರ್ಷಗಳಲ್ಲಿ ಅದೇ ಒಂದು ಅಮೂಲ್ಯ ಸಂಶೋಧನಾ ಸಾಮಗ್ರಿಯಾಗುತ್ತಿತ್ತು. ಇಂಥ ದಾಖಲೆ ಇಲ್ಲದಿದ್ದರೆ ಆಗುವ ತೊಂದರೆಯನ್ನು ನಾನು ಉಂಡಿದ್ದೇನೆ. ಬೇರೊಂದು ದೇಶದ ಒಂದು ಸಂಗ್ರಹದಿಂದ ಮುಕ್ಕವಲಿಗೆ ಹೆಸರಾದ ತಳಿಯೆಂದು ತರಿಸಿದ ಕಲ್ಚರಿನಲ್ಲಿ ಮುಕ್ಕವಲು ಕೋಶಗಳೇ ಕಾಣಲಿಲ್ಲ. ಅದು ಸಾಗಣೆಯಲ್ಲಿ ಬದಲಾಯಿತೋ, ಸಾಕಣೆಯಲ್ಲಿ ವರ್ಷಗಳ ಹಿಂದೆಯೇ ಬದಲಾಗಿತ್ತೋ, ಬಾಟಲಿಯೇ ಅದಲುಬದಲಾಗಿತ್ತೋ ಎಂದು ತಿಳಿಯಲು ಅವರ ಬಳಿ ಯಾವ ದಾಖಲೆಯೂ ಇರಲಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸಿದ ಮೇಲೆ ತಳಿ ಸರಿಯಾದದ್ದೇ ಎಂದು ತಿಳಿಯಿತು, ಆಕಾರ ಕಳೆದುಹೋಗಿತ್ತು ಅಷ್ಟೆ. ಒಂದು ಋತುವಿನ ಕೆಲಸ ಅದಕ್ಕೆ ಹೋಯಿತು.

ಎರಡನೆಯದು, ಹತ್ತೂ ತಳಿಗಳು ಓಬನ್ ಒಂದರಲ್ಲಿಯೇ ಸಿಗುವುದಿಲ್ಲ. ಪಿಟಿ1ರಿಂದ ಪಿಟಿ4ರವರೆಗೆ ಇಲ್ಲಿಂದ ಪಡೆಯಬಹುದು. ಗುವಾಮ್ ಮತ್ತು ಅಮೆರಿಕದ ಈಶಾನ್ಯ ಕರಾವಳಿಯ ತಳಿಗಳಿಗೆ ಅಮೆರಿಕದ ಮೇನ್ ರಾಜ್ಯದಲ್ಲಿರುವ ಬಿಗೆಲೋ ಪ್ರಯೋಗಾಲಯದ ರಾಷ್ಟ್ರೀಯ ಸಂಗ್ರಹಕ್ಕೆ ಬರೆಯಬೇಕು. ಆ ಸಂಗ್ರಹಕ್ಕೆ ಪ್ರೊವಸೋಲಿ ಮತ್ತು ಗಿಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳ ಬಾಟಲಿಗಳೇ ಬುನಾದಿ. ಹೊಸದಾಗಿ ಸಮುದ್ರದಿಂದ ಬೇರ್ಪಡಿಸಿದ ತಳಿಗಳು ಬೇಕಾದವರು ಫ್ರಾನ್ಸಿನ ರೊಸ್ಕಾಫ್ ಸಂಗ್ರಹವನ್ನೂ, ಡಯಾಟಮ್‌ಗಳಿಗೇ ಮೀಸಲಾದ ಸಂಗ್ರಹ ಬೇಕಾದವರು ಬೆಲ್ಜಿಯಮ್‌ನ ಗೆಂಟ್ ವಿಶ್ವವಿದ್ಯಾಲಯವನ್ನೂ ವಿಚಾರಿಸಬಹುದು. ಎರಡು ಸಂಗ್ರಹಗಳಿಂದ ತರಿಸಿದಾಗ ಸಾಕಣೆಯ ಇತಿಹಾಸವೇ ಬೇರೆ ಬೇರೆ ಆಗಿರುವುದರಿಂದ, ಬಂದ ತಳಿಗಳನ್ನೆಲ್ಲ ಒಂದೇ ದ್ರವ, ಒಂದೇ ಬೆಳಕು, ಒಂದೇ ತಾಪಮಾನದಲ್ಲಿ ಹಲವು ಪೀಳಿಗೆ ಬೆಳೆಸಿದ ಮೇಲೆಯೇ ಆಕಾರದ ಹೋಲಿಕೆಗೆ ತೊಡಗಬೇಕು.

ಈ ಹತ್ತು ತಳಿಗಳ ಊರುಗಳನ್ನು ಭೂಪಟದಲ್ಲಿ ಗುರುತಿಸಿದಾಗ ನನ್ನನ್ನು ಕಾಡಿದ ಸಂಗತಿಯೊಂದಿದೆ. ಅಟ್ಲಾಂಟಿಕ್ ಇದೆ, ಪೆಸಿಫಿಕ್ ಇದೆ, ಬಾಲ್ಟಿಕ್ ಇದೆ. ಹಿಂದೂ ಮಹಾಸಾಗರದ ಒಂದೂ ಇಲ್ಲ. ಮುಂಗಾರಿನಲ್ಲಿ ಆಳದ ತಂಪು ನೀರು ಮೇಲೆದ್ದು ಬರುವ, ಬೂತಾಯಿ ಮೀನಿನ ಹಿಂಡುಗಳನ್ನು ಡಯಾಟಮ್‌ಗಳು ಸಾಕುವ ನಮ್ಮ ಅರಬ್ಬಿ ಕರಾವಳಿ ಈ ನಾಲ್ಕು ಗುಂಪುಗಳ ಚಿತ್ರಣದಿಂದ ಹೊರಗೇ ಉಳಿದಿದೆ. ಇಲ್ಲಿನ ತಳಿಗಳನ್ನು ಓದಿದರೆ ಅವು ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆಯೋ, ಐದನೆಯದನ್ನೇ ತೆರೆಯುತ್ತವೆಯೋ ಎಂಬುದು ಮಂಗಳೂರು, ಕಾರವಾರಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ನಿಜವಾದ ಪ್ರಶ್ನೆ. ನಮ್ಮ ನೀರಿನ ತಳಿಯನ್ನು ಹೊರದೇಶದ ಸಂಗ್ರಹಕ್ಕೆ ಕೊಡಬೇಕೆಂದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಇತ್ತ ಜೈವಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭಹಂಚಿಕೆಯ ಬಗ್ಗೆ 2014ರಲ್ಲಿ ಜಾರಿಗೆ ಬಂದ ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಂತರ ಯುರೋಪಿನ ಸಂಗ್ರಹಗಳೂ ತಳಿಯ ಮೂಲದೇಶದ ಅನುಮತಿಪತ್ರವನ್ನು ಕೇಳುತ್ತವೆ. ಅದು ಕಿರಿಕಿರಿ ಎನಿಸಿದರೂ ಬೇಕಾದ ಕ್ರಮ. ಮೂಲ ತಿಳಿಯದ ತಳಿಯಿಂದ ವಿಜ್ಞಾನಕ್ಕೂ ಹೆಚ್ಚಿನ ಪ್ರಯೋಜನವಿಲ್ಲ. ಇನ್ನು ಓಬನ್‌ನಿಂದ ಭಾರತಕ್ಕೆ ತರಿಸುವವರು ಆಮದಿನ ಕಾಗದಪತ್ರಗಳನ್ನು ಆರ್ಡರ್ ಮಾಡುವ ಮೊದಲೇ ಸಿದ್ಧಪಡಿಸಿಕೊಳ್ಳಬೇಕು, ಏಕೆಂದರೆ ಬಂದರಿನಲ್ಲೋ ವಿಮಾನನಿಲ್ದಾಣದಲ್ಲೋ ಬಿಸಿಲಿಗೆ ಸಿಕ್ಕ ಕೊಳವೆ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ.

ಸಿಸಿಎಪಿಯ ಸೇವೆಯನ್ನು ಆನುವಂಶಿಕ ಅಧ್ಯಯನ ಮಾಡುವವರಿಗೆ ನಾನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ಆಕಾರದ ಅಧ್ಯಯನ ಮಾಡುವವರಿಗೂ ಸೂಚಿಸುತ್ತೇನೆ, ಆದರೆ ಮೊದಲ ದಿನದ ಎಣಿಕೆಯನ್ನು ತಾವೇ ಮಾಡಬೇಕೆಂಬ ಷರತ್ತಿನೊಡನೆ. ಸಿಗಡಿ ಮರಿಕೇಂದ್ರಕ್ಕೆ ಆಹಾರವಾಗಿ ಟನ್‌ಗಟ್ಟಲೆ ಬೆಳೆಸಬೇಕಾದವರಿಗೆ ಇಲ್ಲಿಂದ ತರಿಸುವ ಅಗತ್ಯ ಕಾಣುವುದಿಲ್ಲ. ಸ್ಥಳೀಯವಾಗಿ ಸಿಗುವ ಕೀಟೊಸಿರಾಸ್ ಎಂಬ ಡಯಾಟಮ್ ಕುಲದ ತಳಿಗಳು ನಮ್ಮ ಉಷ್ಣತೆಗೆ ಹೆಚ್ಚು ಒಗ್ಗುತ್ತವೆ. ಎರಡೇ ತಳಿಗಳಿಗೆ ಆಗುವಷ್ಟು ಹಣವಿರುವ ಕಾಲೇಜಿನವರು 1055/1ನ್ನು ಬಿಟ್ಟು 1052/1ಎ ಮತ್ತು 1052/1ಬಿ ಎರಡನ್ನೂ ಒಟ್ಟಿಗೆ ತರಿಸಿ, ಒಂದೇ ಕಪಾಟಿನಲ್ಲಿ ಬೆಳೆಸಲಿ. ಸಾಧಾರಣ ಸೂಕ್ಷ್ಮದರ್ಶಕವೊಂದಿದ್ದರೆ ಪದವಿ ತರಗತಿಯ ವಿದ್ಯಾರ್ಥಿಗಳೂ ಆ ಜೋಡಿಯ ಮೇಲೆ ವರ್ಷಪೂರ್ತಿ ಅರ್ಥಪೂರ್ಣವಾದ ಕೆಲಸ ಮಾಡಬಹುದು.